ಬೆಂಕಿ ಮುಟ್ಟದ ಶನಿವಾರ

ಹದವಾಗಿ ಬೆಂದ ಹೊಗೆಸೊಪ್ಪಿನ ವಾಸನೆಯಲ್ಲಿ ಒಂದಿಷ್ಟು ಜೇನಿನ ಸಿಹಿ ಇರುತ್ತದೆ. ಮೊನ್ನೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಯಾರದೋ ಮೂಟೆಯಿಂದ ಅದು ಮೂಗಿಗೆ ಬಡಿದಾಗ ಕಂಪಲಾಪುರದ ನಮ್ಮ ಮನೆ, ಹಿತ್ತಿಲಲ್ಲಿ ಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ ಎಂಬ ಎತ್ತರದ ಗೂಡು, ಮುಂಗೋಣೆಯ ಮಿರಿಯಂ ಎಲ್ಲ ಒಟ್ಟಿಗೆ ಎದ್ದು ಬಂದವು. ಆ ಮನೆ ಈಗಿಲ್ಲ, ಅಜ್ಜಿಯೂ ಇಲ್ಲ. ಮಿರಿಯಂ ಬೈಲಕುಪ್ಪೆಯಲ್ಲಿ ಟಿಬೆಟನ್ ಭಾಷೆ ಕಲಿಯಲು ಬಂದು ನಮ್ಮಲ್ಲಿ ಉಳಿದಿದ್ದ ಯಹೂದಿ ಹೆಂಗಸು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ಮೇಣದಬತ್ತಿ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಪಿಸುಗುಡುತ್ತಿದ್ದಳು. ಆಮೇಲೆ ಶನಿವಾರ ಸಂಜೆ ನಕ್ಷತ್ರ ಮೂಡುವವರೆಗೆ ಬೆಂಕಿ ಮುಟ್ಟುತ್ತಿರಲಿಲ್ಲ; ಅದು ಅವರ ದೇವರು ಹೇಳಿದ ವಾರದ ಬಿಡುವಂತೆ. "ನಮ್ಗೂ ಶುಕ್ರವಾರ ದೀಪ ಐತಲ್ಲವ್ವ" ಎಂದು ಅಜ್ಜಿಗೆ ಖುಷಿಯೋ ಖುಷಿ.

ಒಂದು ಶನಿವಾರ ಮಧ್ಯಾಹ್ನ ಬ್ಯಾರನ್ನಿಗೆ ಬೆಂಕಿ ಬಿತ್ತು. ಮೇಲೆ ತೂಗುಹಾಕುವ ಕಡ್ಡಿಗೆ ಸಡಿಲ ಕಟ್ಟಿದ ಸೊಪ್ಪು, ಕೆಳಗೆ ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಮೇಲೆ ಉದುರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆ ಸಲ ಆಟಕ್ಕೆ ಓಡುವ ಅವಸರದಲ್ಲಿ ಹೇಗೆಂದರೆ ಹಾಗೆ ಕಟ್ಟಿದವಳು ನಾನು, ಹತ್ತು ವರ್ಷದವಳು. ಹೇಳಿದರೆ ಅಪ್ಪ ಚರ್ಮ ಸುಲಿಯುತ್ತಾನೆಂದು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಮುಂಗೋಣೆಯತ್ತ ಕೈ ತೋರಿಸಿದ. "ನೆನ್ನೆ ಬತ್ತಿ ಹಚ್ಚಿ ಏನೋ ಮಂತ್ರ ಹಾಕವ್ಳೆ. ಇಲ್ದಿದ್ರೆ ಇವತ್ತು ಬೆಂಕಿ ಯಾಕ್ ಮುಟ್ಟಲ್ಲ ಅಂತಾಳೆ?" ನೆರೆದವರಲ್ಲೊಬ್ಬ ಎಲ್ಲೋ ಕೇಳಿದ್ದನ್ನು ಸೇರಿಸಿದ: "ಈ ಜನಾನ ಎಲ್ಲಾ ದೇಸದಿಂದ್ಲೂ ಓಡ್ಸವ್ರಂತೆ ಕಣ್ಲಾ. ಸುಮ್ನೆ ಓಡುಸ್ತಾರಾ?" ಯಹೂದಿಯೆಂದರೆ ಯಾರೆಂದೇ ಗೊತ್ತಿರದ ಊರಿಗೆ ಆ ಒಂದು ಮಾತು ಸಾಕಾಯಿತು. ಆ ದಿನ ನಮ್ಮ ಮನೆಯಲ್ಲಿ ಬೆಂಕಿ ಮುಟ್ಟದಿದ್ದವಳು ಅವಳೊಬ್ಬಳೇ. ಅವಳು ಇದನ್ನೆಲ್ಲ ಮೊದಲೇ ಕೇಳಿ ದಣಿದವಳಂತೆ ನಿಂತಿದ್ದಳು. ಭಾನುವಾರ ಬೆಳಿಗ್ಗೆ ಬ್ಯಾಗು ಕಟ್ಟಿದಳು. ಅಜ್ಜಿ ಬಾಗಿಲು ಹಿಡಿದು ಅತ್ತಳು.

ಮೊನ್ನೆ ಅದೇ ಬಸ್ಸಿನಲ್ಲಿ ಫೋನ್ ತೆಗೆದರೆ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಮ್ಮನ ಫಾರ್ವರ್ಡು. ಲೋಕದ ಕೇಡಿಗೆಲ್ಲ ಯಹೂದಿಗಳೇ ಕಾರಣವಂತೆ, ಅವರನ್ನು ಸುಮ್ಮನೆ ಓಡಿಸುತ್ತಾರಾ ಎಂಬ ಪ್ರಶ್ನೆ ಬೇರೆ. ಅದೇ ಮಾತು. ಓದಿ ನನಗೆ ಸಿಟ್ಟೂ ಬರಲಿಲ್ಲ, ಸುಸ್ತಾಯಿತು. ಚಿಕ್ಕವನಿದ್ದಾಗ ಮಿರಿಯಂಳ ತೊಡೆಯ ಮೇಲೆ ಕೂತು ಬ್ರೆಡ್ಡು ತಿಂದವನು ಇವನು. ನಲವತ್ತು ವರ್ಷ ನುಂಗಿಕೊಂಡದ್ದನ್ನು ಅಲ್ಲೇ ಬರೆದೆ: "ಆವತ್ತು ಸೊಪ್ಪು ಸಡಿಲ ಕಟ್ಟಿದ್ದು ನಾನು ಕಣೋ." ಅವನ ಉತ್ತರ ತಕ್ಷಣ ಬಂತು: "ಹಳೇದೆಲ್ಲ ಈಗ್ಯಾಕಕ್ಕ, ಬುಡು."

ಆ ಭಾನುವಾರ ಹೊರಡುವ ಮುಂಚೆ ಮಿರಿಯಂ ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದ್ದಳು. "ನಿನ್ನ ಕೈ ಸುಡಲಿಲ್ಲ, ಅಲ್ವಾ?" ಎಂದು ತನ್ನ ತೊದಲು ಕನ್ನಡದಲ್ಲಿ ಕೇಳಿದ್ದಳು. ಇಲ್ಲ ಎಂದಿದ್ದೆ. ಅವಳಿಗೆ ನಾನು ಹೇಳಿದ್ದು ಅಷ್ಟೇ.