ಶಾರದಮ್ಮನ ವೆಬ್‌ಸೈಟಿನಲ್ಲಿ ನಾದಿನಿಯ ನಂಬರು

ನಿವೃತ್ತನಾದ ಮೇಲೆ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಕಲಿತ ಮೇಲೆ ಸುಮ್ಮನೆ ಕೂರುವವನೇ ನಾನು? ಹೊಸನಗರದಲ್ಲಿ ಉಪ್ಪಿನಕಾಯಿ ಮಾಡುವ ಶಾರದಮ್ಮನವರೇ ನನ್ನ ಮೊದಲ ಬಲಿ. ಅವರ ಮಾಲು ಕೊಳ್ಳುತ್ತಿದ್ದ ಸಾಗರದ ಅಂಗಡಿ ಮುಚ್ಚಿ, ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಭರಣಿಗಳು ಹಾಗೇ ಉಳಿದಿದ್ದವು.

ಮಿಡಿಯ ಪುಟ ಮುಗಿಸಿ, "ನಿಂಬೆಹಣ್ಣಿನದಕ್ಕೆ ಎಂತ ಬರೆಯಲಿ?" ಎಂದೆ.

"ನನ್ನ ನಿಂಬೆ ಅಷ್ಟಕ್ಕಷ್ಟೆ. ಬ್ಯಾಕೋಡಲ್ಲಿ ನನ್ನ ನಾದಿನಿ ಮಾಡ್ತಾಳೆ ನೋಡಿ, ಅದು ಉಪ್ಪಿನಕಾಯಿ! ಅವಳ ನಂಬರ್ ಹಾಕಿ."

"ಶಾರದಮ್ಮ, ಬಂದ ಗಿರಾಕಿ ಪುಟ ಬಿಟ್ಟು ಹೋಗದ ಹಾಗೆ ಹಿಡಿದಿಡಬೇಕು. ನೀವೇ ಬಾಗಿಲು ತೆಗೆದು ಕಳಿಸ್ತೀರಲ್ಲ!"

"ಮನೆಗೆ ಬಂದವ್ರು ಕೇಳಿದ್ರೆ ಹಾಗೇ ಹೇಳ್ತಿದ್ದೆ. ಕಂಪ್ಯೂಟ್ರಲ್ಲಿ ಕೇಳಿದ್ರೆ ಸುಳ್ಳು ಹೇಳ್ಬೇಕಾ ಮಾರಾಯ್ರೇ?"

ಅವರ ಹೊಗಳಿಕೆ, ನಾದಿನಿಯ ನಂಬರು ಎರಡನ್ನೂ ಹಾಕಿದೆ. ಎಲ್ಲೋ ಕೆಳಗೆ, ಕನ್ನಡಕವಿಲ್ಲದೆ ಕಾಣದಷ್ಟು ಚಿಕ್ಕದಾಗಿ. ಜನರಿಗೆ ಕಂಡದ್ದು ಅದೊಂದೇ. ಮಾರುವವಳೇ ಹೊಗಳಿದ ಇನ್ನೊಬ್ಬಳ ಉಪ್ಪಿನಕಾಯಿ ಯಾರಿಗೆ ಬೇಡ? ಶಾರದಮ್ಮನ ಫೋನು ತೆಪ್ಪಗಿತ್ತು, ನಾದಿನಿಯದು ಬಿಡುವಿಲ್ಲದೆ ಬಡಿದುಕೊಂಡಿತು. ಪೇಟೆಯಲ್ಲಿ ಶಾರದಮ್ಮ ಕಂಡರೆ ನಾನು ರಸ್ತೆ ದಾಟಿಬಿಡುತ್ತಿದ್ದೆ.

ಒಂದು ದಿನ ಅವರೇ ಫೋನ್ ಮಾಡಿದರು: "ಭರಣಿ ಎಲ್ಲ ಖಾಲಿ!" ಮಿಡಿಯೂ ಇದೆಯಾ ಎಂದವರಿಗೆಲ್ಲ ನಾದಿನಿ, "ನನ್ನದು ಬೇಡ, ಅತ್ತಿಗೆಯದೇ ತಗೊಳ್ಳಿ" ಅಂತ ವಾಪಸ್ ಕಳಿಸಿದ್ದಳಂತೆ.

ಗಿರಾಕಿ ಪುಟ ಬಿಟ್ಟು ಹೋಗುತ್ತಾನೆ, ನಿಜ. ಆದರೆ ಆ ಕುಟುಂಬವನ್ನು ಬಿಟ್ಟು ಹೋಗುವುದಿಲ್ಲ. ಈಗ ನಾದಿನಿಗೂ ವೆಬ್‌ಸೈಟ್ ಬೇಕಂತೆ. "ಮೊದಲು ಅತ್ತಿಗೆಯ ಮಿಡಿ ಹಾಕಿ, ಜಾಗ ಉಳಿದ್ರೆ ನನ್ನ ನಿಂಬೆ" ಎಂದಿದ್ದಾಳೆ.