ಹಸುವಿಗೆ ಹೆಸರುಂಟು, ಕರೆಯುವವಳಿಗೆ?

"ಮೊದ್ಲು ನನ್ನ ಹೆಸರು ಬರ್ಕೊಳ್ಳಿ. ಮಿಕ್ಕ ಮಾತು ಆಮೇಲೆ" ಎನ್ನುತ್ತಾರೆ ಟೆಕ್ಲಾ ಲುಂಡಿನ್. ಬರೆದುಕೊಂಡಿದ್ದೇನೆ ತಾಯೀ, ಮೊದಲ ಸಾಲಿನಲ್ಲೇ ಹಾಕಿದ್ದೇನೆ.

ಬೆಳಗಿನ ನಾಲ್ಕು ಗಂಟೆ, ಅಕ್ಟೋಬರ್ ಕೊನೆಯ ವಾರ. ಸೋರ್ಮ್‌ಲ್ಯಾಂಡ್ ಸೀಮೆಯ ಲಿಂಡ್‌ಹಾಮ್ರಾ ಜಮೀನಿನ ಕೊಟ್ಟಿಗೆಯಲ್ಲಿ ಲಾಟೀನು ಉರಿಯುತ್ತಿದೆ. ಟೆಕ್ಲಾ ಮೂರು ಕಾಲಿನ ಮಣೆಯ ಮೇಲೆ ಕೂತು, ಕ್ರೂನಾ ಎಂಬ ಕೆಂಪು ಹಸುವಿನ ಪಕ್ಕೆಗೆ ಹಣೆ ಆನಿಸಿ ಹಾಲು ಕರೆಯುತ್ತಿದ್ದಾರೆ. ಪ್ರತಿ ಹಸುವಿನ ತಲೆಯ ಮೇಲೂ ಒಂದೊಂದು ಹಲಗೆ: ಕ್ರೂನಾ, ರೂಸಾ, ಸ್ಟ್ಯಾರ್ನಾ. ನೀಲಿ ಅಂಚು, ಬಿಳಿ ಅಕ್ಷರ. ಸಾಲಿನ ಕೊನೆಯ ಕಂಬದಲ್ಲಿ ಮಾತ್ರ ಹಲಗೆಯಿಲ್ಲ, ನಾಲ್ಕು ಮೊಳೆಗಳ ತೂತುಗಳಿವೆ.

ಎಂಬತ್ನಾಲ್ಕು ಹಸು, ಆರು ಹೆಂಗಸರು. ತಲೆಗೆ ಹದಿನಾಲ್ಕು, ದಿನಕ್ಕೆರಡು ಸಲ. ಭಾನುವಾರವೆಂದರೂ ಬಿಡುವಿಲ್ಲ, ಕ್ರಿಸ್‌ಮಸ್ ಎಂದರೂ ಇಲ್ಲ. ಟೆಕ್ಲಾಗೆ ಇದು ಹತ್ತೊಂಬತ್ತನೇ ವರ್ಷ. ಮಲಗಿ ಎದ್ದರೆ ಬೆರಳುಗಳು ಸೆಟೆದಿರುತ್ತವೆ, ಬಿಸಿನೀರಿನಲ್ಲಿ ಅದ್ದದೆ ಮಡಚುವುದಿಲ್ಲ.

"ಮೂರನೇ ಮಗು ಹುಟ್ಟಿದ ದಿನ ಹದಿಮೂರು ಹಸು ಕರ್ದಿದ್ದೆ. ಅಷ್ಟರಲ್ಲಿ ನೋವು ಬಂತು. ಪಾರುಪತ್ತೇಗಾರ್ರು ಮಗು ಗಂಡೋ ಹೆಣ್ಣೋ ಅಂತ ಕೇಳ್ಲಿಲ್ಲ. ಹದಿನಾಲ್ಕನೇದನ್ನ ಯಾರು ಕರೀತಾರೆ ಅಂತ ಕೇಳಿದ್ರು" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ವಿಷಯ ಇಷ್ಟೇ. ಟೆಕ್ಲಾ ಇಲ್ಲಿ ಕೆಲಸಕ್ಕೆ ಸೇರಿಯೇ ಇಲ್ಲ! ಸೇರಿದವರು ಗಂಡ ಆಲ್ಗೊಟ್, ಕುದುರೆ ಹೂಡುವ ಆಳು. ವರ್ಷದ ಕರಾರು, ಪ್ರತಿಯಾಗಿ ಸಾಲುಮನೆಯಲ್ಲಿ ಒಂದು ಕೋಣೆ, ಅಡುಗೆಮನೆ, ರೈ ಧಾನ್ಯದ ಹಿಟ್ಟು, ಆಲೂಗಡ್ಡೆ. ಅದೇ ಕಾಗದದಲ್ಲಿ ಕುದುರೆಯ ಜೀನು, ಲಗಾಮಿನ ಮಾತು ಮುಗಿದ ಮೇಲೆ ನಾಲ್ಕು ಪದ: "ಹಾಲು ಕರೆಯುವ ಹೆಂಡತಿ ಸಮೇತ." ನಮ್ಮ ಹೆಂಗಸರು ಈ ಕೆಲಸವನ್ನು ಬಿಳಿ ಚಾವಟಿ ಎನ್ನುತ್ತಾರೆ. ಹಾಲಿನ ಬಣ್ಣದ್ದು, ಏಟು ಮಾತ್ರ ಚಾವಟಿಯದೇ.

ಈಗ ಪತ್ರಿಕೆಗೆ ಬರೆಯುವ ನಾನೂ ಇಂಥ ಸಾಲುಮನೆಯಲ್ಲೇ ಹುಟ್ಟಿದವನು. ನನ್ನಮ್ಮ ಇಪ್ಪತ್ತೆರಡು ವರ್ಷ ಹಾಲು ಕರೆದಳು. ಆ ಜಮೀನಿನ ಹಳೆಯ ಕಾಗದಗಳನ್ನೆಲ್ಲ ಒಮ್ಮೆ ಹುಡುಕಿಸಿದೆ. ಅಪ್ಪನ ಹೆಸರಿತ್ತು, ಕುದುರೆಗಳ ಹೆಸರಿತ್ತು. ಅಮ್ಮನದಿರಲಿಲ್ಲ. ಹೆಂಗಸರಿಗೆ ಮತದ ಹಕ್ಕು ಬಂದು ಹದಿನೈದು ವರ್ಷವಾಯಿತು, ಪಟ್ಟಣದ ಮನೆಗಳಲ್ಲಿ ರೇಡಿಯೋ ಹಾಡುತ್ತಿದೆ. ಕರಾರು ಮಾತ್ರ ತಾತನ ಕಾಲದ್ದೇ.

"ಓಟು ಹಾಕೋಕೆ ಹೋದ್ರೆ ಪೂರ್ತಿ ಹೆಸರು ಕೂಗಿ ಕರೀತಾರೆ. ಕೊಟ್ಟಿಗೆಗೆ ಬಂದ್ರೆ ನಾನು 'ಸಮೇತ'!" ಎನ್ನುತ್ತಾರೆ ಟೆಕ್ಲಾ.

ಆಗಸ್ಟ್‌ನಲ್ಲಿ ಹಸುಗಳ ಹಲಗೆಗೆ ಬಣ್ಣ ಬಳಿಯಲು ಒಬ್ಬ ಬಂದಿದ್ದ. ಒಂದು ಹಲಗೆ ಉಳಿಯಿತು. ಟೆಕ್ಲಾ ಅವನಿಗೆ ಕಾಫಿ ಕೊಟ್ಟು, ತಮ್ಮ ಹೆಸರು ಬರೆಸಿ, ಕಂಬಕ್ಕೆ ಹೊಡೆದರು. ಪಾರುಪತ್ತೇಗಾರ ಫೋರ್ಸೆಲ್ ಮಾರನೇ ದಿನವೇ ಕಿತ್ತರು.

"ಹಲಗೆ ಹಾಕೋಕೆ ನೀನೇನು ಹಸುವಾ?"

"ಹಸು ಆಗಿದ್ರೆ ಹಾಕ್ತಿದ್ರಿ ಅಲ್ವಾ ಸ್ವಾಮಿ?"

ಟೆಕ್ಲಾ ಮತ್ತೆ ಹೊಡೆದರು. ಫೋರ್ಸೆಲ್ ಮತ್ತೆ ಕಿತ್ತು, ಈ ಸಲ ಒಲೆಗೆ ಹಾಕಿದರು. ಸರಿ, ಕರಾರಿನಲ್ಲೇ ಬರೆಸುತ್ತೇನೆ ಎಂದು ಟೆಕ್ಲಾ ಅಂದೇ ಹಟ ತೊಟ್ಟರು. ಹಟ ಸುಲಭದ್ದಲ್ಲ. ಹಳೆಯ ಕರಾರು ಈ ಶನಿವಾರ ಮುಗಿಯುತ್ತದೆ, ಅಂದೇ ಹೊಸದಕ್ಕೆ ಸಹಿ ಬೀಳದಿದ್ದರೆ ಭಾನುವಾರ ಮನೆ ಖಾಲಿ ಮಾಡಬೇಕು. ಮೂರು ಮಕ್ಕಳು, ಎದುರಿಗೆ ಚಳಿಗಾಲ.

ಬೆಳಗಿನ ಕೆಲಸ ಮುಗಿಸಿ ಮನೆಗೆ ಬಂದರೆ ಆಲ್ಗೊಟ್ ತಟ್ಟೆಗೆ ಕಾಫಿ ಸುರಿದುಕೊಂಡು, ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿ ಕೂತಿದ್ದಾರೆ. ಒಳ್ಳೆಯ ಮನುಷ್ಯ, ಆದರೆ ಹೆದರಿದ್ದಾರೆ.

"ನಿನ್ನ ಹೆಸರು ನಂಗೊತ್ತು, ಮಕ್ಕಳಿಗೆ ಗೊತ್ತು, ಪಾದ್ರಿಗೆ ಗೊತ್ತು. ಸಾಲ್ದಾ ಮಾರಾಯ್ತಿ?"

"ಕ್ರೂನಾಗೂ ಗೊತ್ತು ಕಣೋ. ಫೋರ್ಸೆಲ್‌ಗೆ ಗೊತ್ತಾಗ್ಬೇಕಲ್ಲ!"

"ಹಿಮ ಬೀಳೋ ಹೊತ್ನಲ್ಲಿ ಸಂಸಾರಾನ ಗಾಡಿ ಮೇಲೆ ಹೇರ್ಕೊಂಡು ಎಲ್ಲಿಗೆ ಹೋಗೋದು?"

ಟೆಕ್ಲಾ ಒಲೆಯ ಮೇಲಿನ ಬಿಸಿನೀರು ಬಗ್ಗಿಸಿಕೊಂಡು ಬೆರಳು ಅದ್ದುತ್ತಾರೆ.

ಶನಿವಾರ ಮಧ್ಯಾಹ್ನ. ಸಹಿಗೆ ಕಚೇರಿಯೊಳಕ್ಕೆ ಗಂಡಸರಷ್ಟೇ ಹೋಗುವುದು ರೂಢಿ. ಇವತ್ತು ಆಲ್ಗೊಟ್ ಹಿಂದೆ ಟೆಕ್ಲಾ, ಅವರ ಹಿಂದೆ ಪಕ್ಕದ ಸಾಲಿನ ಹಸುಗಳನ್ನು ಕರೆಯುವ ಎಲ್ನಾ, ಉಳಿದ ನಾಲ್ವರು, ಬಾಗಿಲಲ್ಲಿ ನಾನು.

"ಇದೇನು ಸಂತೆಯಾ?" ಎನ್ನುತ್ತಾರೆ ಫೋರ್ಸೆಲ್. ಆಲ್ಗೊಟ್ ಕೈಗೆ ಲೇಖನಿ ಕೊಡುತ್ತಾರೆ. ಆಲ್ಗೊಟ್ ಕಾಗದವನ್ನು ಕೊನೆಯವರೆಗೂ ಓದುತ್ತಾರೆ.

"ಹೆಂಡತಿ ಸಮೇತ ಅಂತಿದೆ ಸ್ವಾಮಿ. ಯಾವ ಹೆಂಡ್ತಿ? ಹೆಸರೇ ಇಲ್ದಿದ್ರೆ ಯಾರನ್ನ ಕರ್ಕೊಂಡು ಬರ್ಲಿ?" ಎಂದು ಲೇಖನಿಯನ್ನು ಮೇಜಿನ ಮೇಲಿಡುತ್ತಾರೆ. ಭಲೇ ಆಲ್ಗೊಟ್!

ಫೋರ್ಸೆಲ್ ಮುಖ ಕೆಂಪೇರುತ್ತದೆ. "ನಾಳೆ ಮನೆ ಖಾಲಿ ಮಾಡು."

"ಮಾಡ್ತೀವಿ" ಎನ್ನುತ್ತಾರೆ ಟೆಕ್ಲಾ. "ಕರಾರು ಇವತ್ತಿಗೆ ಮುಗೀತು. ಸಂಜೆ ಕರ್ದು ಕೊಡ್ತೀನಿ, ಹಸು ಏನು ತಪ್ಪು ಮಾಡಿದೆ? ನಾಳೆ ನಾಲ್ಕು ಗಂಟೆಗೆ ಕ್ರೂನಾ ಹತ್ರ ನೀವೇ ಕೂತ್ಕೊಳ್ಳಿ. ಒದೀತಾಳೆ, ಹುಷಾರು."

"ನನ್ನ ಹದಿನಾಲ್ಕೂ ನಿಮ್ಗೇ" ಎನ್ನುತ್ತಾರೆ ಎಲ್ನಾ.

ಉಳಿದ ನಾಲ್ವರೂ ಎಲ್ನಾ ಪಕ್ಕಕ್ಕೆ ಬಂದು ಕೈ ಕಟ್ಟಿ ನಿಲ್ಲುತ್ತಾರೆ. ಅಂಗಳದಾಚೆ ಕೊಟ್ಟಿಗೆಯಲ್ಲಿ ಒಂದು ಹಸು ಅಂಬಾ ಎನ್ನುತ್ತದೆ. ಫೋರ್ಸೆಲ್ ಕಿಟಕಿಯತ್ತ ನೋಡುತ್ತಾರೆ. ಎಂಬತ್ನಾಲ್ಕು ಹಸು. ಬೆಳಗಾಗುವುದರೊಳಗೆ ಆರು ಜನ ಕರೆಯುವವರನ್ನು ಯಾವ ಊರಿನಿಂದ ತಂದಾರು? ಕಾಗದ ಎಳೆದುಕೊಂಡು, ಹಲ್ಲು ಕಚ್ಚಿ, 'ಸಮೇತ' ಎಂಬುದನ್ನು ಹೊಡೆದುಹಾಕಿ ಏನೋ ಬರೆದು ತಳ್ಳುತ್ತಾರೆ.

ಎಲ್ನಾ ಅಳುತ್ತಿದ್ದಾರೆ. ಟೆಕ್ಲಾ ಮಾತ್ರ ಸೆಟೆದ ಬೆರಳನ್ನು ಒಂದೊಂದು ಅಕ್ಷರದ ಕೆಳಗೂ ಎಳೆಯುತ್ತ ನಿಧಾನವಾಗಿ ಓದುತ್ತಾರೆ. ಬೆರಳು ನಿಲ್ಲುತ್ತದೆ.

"ಥೆಕ್ಲಾ ಅಲ್ಲ, ಟೆಕ್ಲಾ" ಎನ್ನುತ್ತಾರೆ. "ಎಂಬತ್ನಾಲ್ಕು ಹಸು ಹೆಸರು ಒಂದೂ ತಪ್ಪಿಲ್ದೆ ಬರೆಸಿದೀರಿ. ಇನ್ನೊಂದು ಹಾಳೆ ತೆಗೀರಿ ಸ್ವಾಮಿ."