ಅಟ್ರಾಕ್ಟಾ ಗಿಲ್ವರಿ ಮತ್ತು ಗೋಡೆಯ ತೂತು

ಅಟ್ರಾಕ್ಟಾ ಗಿಲ್ವರಿಗೆ ಗಾಳಿ ಕಂಡರೆ ಆಗುತ್ತಿರಲಿಲ್ಲ. ಐರ್ಲೆಂಡಿನ ಮೇಯೊ ಜಿಲ್ಲೆಯ ಕಡಲ ದಂಡೆಯಲ್ಲಿ ಹುಟ್ಟಿ ಗಾಳಿಯ ಮೇಲೆ ಹಗೆ ಸಾಧಿಸುವುದೆಂದರೆ ಮೀನು ನೀರಿನ ಮೇಲೆ ಮುನಿಸಿಕೊಂಡ ಹಾಗೆ. ಆದರೂ ಆಕೆ ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಲೇ ವಯಸ್ಸು ಸವೆಸಿದವಳು, ಸಂಜೆಯ ಹೊತ್ತು ಹಳೆಯ ಕಾಲುಚೀಲಗಳಿಗೆ ಚಿಂದಿ ತುಂಬಿ ಬಾಗಿಲ ಸಂದಿಗೆ ಇಡುವ ಉದ್ದುದ್ದದ ಬಟ್ಟೆಯ ಹಾವುಗಳನ್ನು ಹೊಲಿಯುತ್ತಿದ್ದಳು. ಗುಂಡಿಯ ಕಣ್ಣು, ಕೆಂಪು ಉಣ್ಣೆಯ ನಾಲಿಗೆ. ಐರ್ಲೆಂಡಿನ ಹಾವುಗಳನ್ನೆಲ್ಲ ಸಂತ ಪ್ಯಾಟ್ರಿಕ್ ಸಮುದ್ರಕ್ಕೆ ಅಟ್ಟಿದನಂತೆ. ಅಟ್ರಾಕ್ಟಾ ಒಬ್ಬಳೇ ಕೂತು ಮನೆಗೊಂದರಂತೆ ವಾಪಸು ತಂದಳು.

ಹಳೆಯ ಮನೆಗಳನ್ನು ಬೆಚ್ಚಗೆ ಮಾಡಿಸಲು ಸರ್ಕಾರ ಸಹಾಯಧನ ಕೊಡುತ್ತದೆ, ಪಿಂಚಣಿಯವರಿಗೆ ಪೂರ್ತಿ ಪುಕ್ಕಟೆ ಎಂದು ತಿಳಿದಾಗ ಆಕೆಯ ಗಂಡ ಜಾರ್ಲತ್ ಅರ್ಜಿ ಹಾಕಿದ. ಕೆಲಸಕ್ಕೆ ಬಂದವನು ಮಲಾಕಿ ಡರ್ಕನ್, ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದ ಊರಿನ ಗುತ್ತಿಗೆದಾರ. ಸಣ್ಣವನಿದ್ದಾಗ ಅಟ್ರಾಕ್ಟಾಳ ಅಡುಗೆಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ತಿಂದು ಬೆಳೆದವನು. ಅಟ್ಟಕ್ಕೆ ಉಣ್ಣೆಯಂಥ ಹಾಸು ಹಾಸಿದ, ಹೊರಗೋಡೆಗೆ ದಪ್ಪನೆಯ ಹಲಗೆ ಹೊದಿಸಿ ಗಾರೆ ಬಳಿದ. ಕೊನೆಯ ದಿನ ಕೋಣೆಕೋಣೆಗೂ ಬೊಗಸೆಯಗಲದ ತೂತು ಕೊರೆದ.

"ಮನೆಗೆ ಸ್ವೆಟರ್ ತೊಡಿಸ್ತೀನಿ ಅಂತ ಬಂದೋನು ಎದೆಗೇ ತೂತು ಹಾಕಿದ್ಯಲ್ಲೋ," ಎಂದಳು ಅಟ್ರಾಕ್ಟಾ.

"ಮನೆಗೂ ಉಸಿರಾಡೋಕೆ ದಾರಿ ಬೇಕಲ್ಲ, ಮಿಸೆಸ್ ಗಿಲ್ವರಿ. ಸ್ವೆಟರ್ ಹಾಕಿ ಮೂಗು ಮುಚ್ಚಿದ್ರೆ ಹೆಂಗೆ? ಇದನ್ನ ಮಾತ್ರ ಮುಚ್ಚಬೇಡಿ."

ಎಲ್ಲರ ಮನೆಯ ದೋಸೆಯೂ ತೂತೇ ಇರಬಹುದು, ತನ್ನ ಮನೆಯ ಗೋಡೆ ತೂತಾಗಿರುವುದನ್ನು ಆಕೆಗೆ ಸಹಿಸಲಾಗಲಿಲ್ಲ. ಮಲಾಕಿಯ ವ್ಯಾನು ತಿರುವು ದಾಟುವುದರೊಳಗೆ ಒಂದು ಹಾವು ಸುರುಳಿ ಸುತ್ತಿಕೊಂಡು ಮಲಗುವ ಕೋಣೆಯ ತೂತಿನೊಳಕ್ಕೆ ಹೋಯಿತು. ಅದರ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ ಬಂತು. ಆ ಪಟವನ್ನು ಸರಿಸಿ ನೋಡುವ ಧೈರ್ಯ ಆ ಊರಿನಲ್ಲಿ ಯಾವ ಗಂಡಸಿಗೂ ಇರಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಾಗ ಬಟ್ಟೆಯ ಬೀರುವಿನ ಹಿಂದೆ ಗೋಡೆಯೆಲ್ಲ ಕಪ್ಪು ಬೂಷ್ಟು. ಅಟ್ರಾಕ್ಟಾ ಸೀದಾ ಬ್ರೀಜ್‌ಳ ದಿನಸಿ ಅಂಗಡಿಗೆ ಹೋಗಿ, ಸೋಡಾ ಬ್ರೆಡ್ಡಿನ ಹಿಟ್ಟು ಕಟ್ಟಿಸಿಕೊಳ್ಳುತ್ತ, ಮಲಾಕಿ ಮಾಡಿದ್ದು ಕಳಪೆ ಕೆಲಸ ಅಂದಳು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರವೂ ಅಂದಳು. ಜೀವಮಾನವಿಡೀ ಗಾಳಿಯನ್ನು ತಡೆದವಳು ಬಿಟ್ಟ ಗಾಳಿಮಾತನ್ನು ತಡೆಯುವ ಹಾವು ಯಾರ ಬಾಗಿಲಲ್ಲೂ ಇರಲಿಲ್ಲ. ಮಲಾಕಿಗೆ ಕೆಲಸ ಒಪ್ಪಿಸಿದ್ದವರು ಬೇಡವೆಂದರು. ಯಾರೋ ಸಹಾಯಧನದ ಕಚೇರಿಗೂ ಮುಟ್ಟಿಸಿದರು. ಸೋಮವಾರ ತಪಾಸಣೆಯವನು ಬರುತ್ತಾನೆ, ತಪ್ಪು ಸಿಕ್ಕರೆ ಮಲಾಕಿಯ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಜಾರ್ಲತ್ ಸುದ್ದಿ ತಂದ. ಪಟ್ಟಿಯಲ್ಲಿ ಹೆಸರಿಲ್ಲದವನಿಂದ ಕೆಲಸ ಮಾಡಿಸಿದರೆ ಸಹಾಯಧನವಿಲ್ಲ. ಸಹಾಯಧನವಿಲ್ಲದೆ ಆ ಊರಿನಲ್ಲಿ ಯಾರೂ ಮನೆಗೆ ಹೊದಿಕೆ ಹಾಕಿಸುವುದಿಲ್ಲ.

ಬರುವವನೆದುರು ಮನೆ ಚೊಕ್ಕಟವಾಗಿರಲೆಂದು ಅಟ್ರಾಕ್ಟಾ ಪಟ ಇಳಿಸಿ ಧೂಳು ಒರೆಸಿದಳು. ತೂತಿನಿಂದ ಹಾವನ್ನು ಎಳೆದಳು. ತೊಟ್ಟಿಕ್ಕುವಷ್ಟು ನೆನೆದಿತ್ತು. ಹೊಟ್ಟೆಯ ಉದ್ದಕ್ಕೂ ಗೋಡೆಯ ಮೇಲಿದ್ದದ್ದೇ ಕಪ್ಪು. ಉಸಿರಾಡೋಕೆ ದಾರಿ ಬೇಕಲ್ಲ ಎಂದಿದ್ದ ಮಾತು ಆಗ ತಲೆಗೆ ಹೋಯಿತು. ಆಕೆ ಹಾಸಿಗೆಯ ಅಂಚಿನಲ್ಲಿ ಕೂತಳು. ಆಮೇಲೆ ಎದ್ದು ಅದನ್ನು ಕಸದ ಡಬ್ಬಿಯ ತಳಕ್ಕೆ ತಳ್ಳಿ, ಮೇಲೆ ಆಲೂಗಡ್ಡೆ ಸಿಪ್ಪೆ ಸುರಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಹಾವು ಸತ್ತಿತ್ತು, ಮುರಿಯಲಿದ್ದ ಕೋಲು ಮಲಾಕಿಯದು.

ಶನಿವಾರ ಪಾಪನಿವೇದನೆಗೆ ಹೋದಳು. ನಿವೇದನೆ ಕೇಳುವ ಮರದ ಪೆಟ್ಟಿಗೆಯ ಜಾಲರಿಯಾಚೆ ಫಾದರ್ ಕೋಲ್ಮನ್ ಎಲ್ಲ ಕೇಳಿಸಿಕೊಂಡು ಜಾಲರಿಗೆ ಇನ್ನಷ್ಟು ಹತ್ತಿರ ಬಾಗಿದರು.

"ಅದನ್ನ ಮುಚ್ಚಿದ್ರೆ ನಿಜಕ್ಕೂ ಬೂಷ್ಟು ಬರುತ್ತಾ?" ಎಂದರು.

"ಬರುತ್ತೆ, ಫಾದರ್."

"ನಮ್ಮ ಮನೆ ತೂತಿನಲ್ಲಿ ದಿಂಬಿದೆ," ಎಂದರು ಫಾದರ್, ತಾವೇ ನಿವೇದನೆಗೆ ಕೂತವರ ದನಿಯಲ್ಲಿ. ಆಮೇಲೆ ಗಂಟಲು ಸರಿಪಡಿಸಿಕೊಂಡು, ದೇವರಿಗೆ ಹೇಳಿದ್ದಾಯಿತು, ದೇವರೇನೂ ಪಟ್ಟಿಯಲ್ಲಿರುವ ಗುತ್ತಿಗೆದಾರನಲ್ಲ, ಹೇಳಬೇಕಾದವರಿಗೆ ಹೇಳು ಎಂದರು. ಆಕೆಗೆ ಬೇಕಾಗಿದ್ದದ್ದು ಹತ್ತು ಜಪ ಹೇಳಿ ಮುಗಿಯುವ ಪ್ರಾಯಶ್ಚಿತ್ತ.

ಸೋಮವಾರ ಮಲಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಪಾಸಣೆಯವನು ಗೋಡೆ ತಟ್ಟಿದ, ತೇವ ಅಳೆಯುವ ಯಂತ್ರ ಒತ್ತಿದ, ತೂತಿಗೆ ಕೈಯೊಡ್ಡಿ ಗಾಳಿ ನೋಡಿದ. ತೂತು ಸರಿಯಾಗಿದೆ, ಹಾಗಿದ್ದರೆ ಹೊದಿಕೆಯಲ್ಲೇ ದೋಷವಿರಬೇಕು ಎಂದ. ಅಟ್ರಾಕ್ಟಾ ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಈಗ ಮಲಾಕಿ ವಾದಿಸಲಿ, ಜಗಳವಾಡಲಿ, ತನ್ನನ್ನು ಬಯ್ಯಲಿ ಎಂದು ಕಾದಳು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಲಾಕಿ ತೂತಿನೊಳಗೆ ಬಗ್ಗಿ ನೋಡಿದ. ತೂತಿನ ಹೊರಬಾಯಿಯ ಜಾಲರಿಗೆ ಅಂಟಿದ್ದ ಕೆಂಪು ಉಣ್ಣೆಯ ಎಳೆಯೊಂದನ್ನು ಬೆರಳಲ್ಲಿ ಹೊಸಕಿ ಜೇಬಿಗೆ ಹಾಕಿಕೊಂಡ.

"ಮೂಲೇಲಿ ಎಲ್ಲೋ ಸಂದಿ ಬಿಟ್ಟಿರಬೇಕು ನಾನು," ಎಂದ. "ಕಿತ್ತು ಮತ್ತೆ ಹಾಕಿಕೊಡ್ತೀನಿ."

ತಪಾಸಣೆಯವನು ಪೆನ್ನು ತೆಗೆದ.

"ಅವನಲ್ಲ, ನಾನು," ಎಂದಳು ಅಟ್ರಾಕ್ಟಾ. "ಮುಚ್ಚಬೇಡಿ ಅಂದಿದ್ದ. ಮುಚ್ಚಿದೆ. ಮುಚ್ಚಿ, ಅವನ ಮೇಲೇ ಹೇಳ್ಕೊಂಡು ಬಂದೆ."

ಬಾಗಿಲಲ್ಲಿ ನಿಂತಿದ್ದ ಜಾರ್ಲತ್ ತನ್ನ ಬೂಟುಗಳನ್ನು ನೋಡಿಕೊಂಡ. ತಪಾಸಣೆಯವನು ಇಂಥದ್ದು ಎಷ್ಟೋ ಕಂಡವನಂತೆ, ಕೆಲಸದಲ್ಲಿ ದೋಷವಿಲ್ಲ ಎಂದು ಬರೆದುಕೊಂಡು ಹೊರಟುಹೋದ.

ಮಲಾಕಿ ಏಣಿಯನ್ನು ವ್ಯಾನಿನ ಮೇಲೆ ಕಟ್ಟುತ್ತಿದ್ದ. ಅಟ್ರಾಕ್ಟಾ ಹೊಸ್ತಿಲಿಗೆ ಬಂದು ಚಹಾ ಕುಡಿದು ಹೋಗು ಎಂದಳು. ಬೇಡ ಎಂದ. ಅದು ಮರ್ಯಾದೆ, ಆ ಸೀಮೆಯಲ್ಲಿ ಮೊದಲ ಸಲಕ್ಕೇ ಹೂಂ ಅನ್ನುವವನನ್ನು ಹಸಿದವನು ಅನ್ನುತ್ತಾರೆ. ಎರಡನೆಯ ಸಲ ಕರೆದಳು. ತೊಂದರೆ ತಗೋಬೇಡಿ ಎಂದ. ಅದೂ ಮರ್ಯಾದೆಯೇ. ಮೂರನೆಯ ಸಲಕ್ಕೆ ಎಂಥ ಮುನಿಸಿನವನೂ ಒಳಗೆ ಬರುತ್ತಾನೆ.

"ಬಾರೋ ಮಲಾಕಿ, ಕೆಟಲ್ ಇಟ್ಟಾಗಿದೆ."

"ಇಲ್ಲ, ಮಿಸೆಸ್ ಗಿಲ್ವರಿ," ಎಂದ ಮಲಾಕಿ, ಮೆತ್ತಗೆ, ಹಗ್ಗದ ಗಂಟು ಬಿಗಿಯುತ್ತ.

ವ್ಯಾನು ಹೋಯಿತು. ಒಳಗೆ ಕೆಟಲ್ ಕುದಿದು ತಾನೇ ಆರಿತು. ಅಟ್ರಾಕ್ಟಾ ಏಪ್ರನ್ ಬಿಚ್ಚಿ, ಕೋಟು ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡಳು. ಎಲ್ಲಿಗೆ ಎಂದು ಜಾರ್ಲತ್ ಕೇಳಿದ. ಮೊದಲು ಬ್ರೀಜ್‌ಳ ಅಂಗಡಿಗೆ ಎಂದಳು. ಹಿಟ್ಟು ಮೊನ್ನೆ ತಾನೇ ತಂದೆಯಲ್ಲ ಎಂದ ಅವನು.

"ಹಿಟ್ಟಿಗಲ್ಲ," ಎಂದು ಆಕೆ ಗಾಳಿಗೆ ಮುಖ ಕೊಟ್ಟು ಇಳಿಜಾರಿನಲ್ಲಿ ನಡೆದಳು.